ಒಂದು ಗೇಣು ಕೆಳಗೆ

ಚಕ್ಕಡಿ ಯಲವಿಗಿಯ ರೈಲು ಗೇಟು ದಾಟಿ ಸವಣೂರಿನ ಹಾದಿ ಹಿಡಿಯುವ ಹೊತ್ತಿಗೆ ಯಂಕವ್ವನಿಗೆ ತನ್ನ ಹೊಟ್ಟೆ ಇನ್ನು ತನ್ನದಲ್ಲ ಅನ್ನಿಸಿಬಿಟ್ಟಿತ್ತು. ಅದರಲ್ಲಿ ಅರ್ಧ ಅತ್ತೆಯದಾಗಿತ್ತು, ಅರ್ಧ ಊರಿನದು. ಗಾಲಿ ತಗ್ಗಿಗೆ ಇಳಿದಾಗಲೆಲ್ಲ ಪಕ್ಕದಲ್ಲಿ ಕೂತ ಅತ್ತೆ ಚೌಡವ್ವ ಎರಡೂ ಅಂಗೈಗಳನ್ನು ಅದರ ಮೇಲಿಟ್ಟು ಒತ್ತಿ ಹಿಡಿಯುತ್ತಿದ್ದಳು, ಸಂತೆಯಿಂದ ತರುವ ಎಣ್ಣೆಯ ಗಡಿಗೆ ತುಳುಕದಂತೆ ಹಿಡಿಯುವ ಹಾಗೆ. ಹೊಟ್ಟೆಯ ಸುತ್ತ ಒಂಬತ್ತು ಗಜದ ಹಳೆಯ ಇಳಕಲ್ ಸೀರೆ ಬಿಗಿದಿತ್ತು, ಅದರ ಒಳಗೆ ಬಾಣಂತನದಿಂದ ಇದ್ದ ಹಳೆಯ ಕಟ್ಟು. ಆ ಎರಡರ ನಡುವೆ, ಹೊಕ್ಕಳದ ಎಡಗಡೆ, ಒಂದು ಕೀಲಿಕೈ ಚುಚ್ಚುತ್ತಿತ್ತು. ಕಬ್ಬಿಣದ ಕೀಲಿಕೈ, ಹೆಬ್ಬೆರಳಿಗಿಂತ ಉದ್ದ. ಅದು ಅಲ್ಲಿದೆಯೆಂದು ಲೋಕದಲ್ಲಿ ಯಂಕವ್ವನೊಬ್ಬಳಿಗೇ ಗೊತ್ತಿತ್ತು. ಅಲ್ಲಿ ಕಬ್ಬಿಣವಿದೆಯೆಂಬುದು ಮಾತ್ರ ಇಡೀ ಯಲವಿಗಿಗೆ ಗೊತ್ತಿತ್ತು.

"ಸಾವಕಾಶ ಹೊಡಿಯೋ ದ್ಯಾಮಾ," ಎಂದು ಚೌಡವ್ವ ಮಗನಿಗೆ ಕೂಗಿದಳು. "ಹೊಟ್ಟ್ಯಾಗ ಕತ್ತರಿ ಇಟಗೊಂಡ ಕುಂತಾಳ ನಿನ್ನ ಹೇಣ್ತಿ. ಬಾಯಿ ತೆರದ ಕತ್ತರಿನೋ, ಮುಚ್ಚಿದ ಕತ್ತರಿನೋ, ಆ ಶಿವಗ ಗೊತ್ತು."

ದ್ಯಾಮಪ್ಪ ತಿರುಗಿ ನೋಡಲಿಲ್ಲ. ಎತ್ತುಗಳಿಗೆ "ಹೋ, ಹೋ" ಎಂದನಷ್ಟೆ. ಅವನ ಬೆನ್ನು ಅಗಲವಾಗಿತ್ತು, ಅಂಗಿಯ ಮೇಲೆ ಬೆವರು ಒಂದು ನಕಾಶೆ ಬರೆದಿತ್ತು. ಎಂಟು ತಿಂಗಳಿಂದ ಯಂಕವ್ವ ಗಂಡನನ್ನು ಹೆಚ್ಚಾಗಿ ಬೆನ್ನಿನ ಕಡೆಯಿಂದಲೇ ನೋಡಿದ್ದಳು. ಅವನು ಉಂಡು ಕೈತೊಳೆದು ಕಂಬಳಿ ತೆಗೆದುಕೊಂಡು ದನದ ಕೊಟ್ಟಿಗೆಗೆ ಹೋಗುವಾಗ ಕಾಣುವ ಬೆನ್ನು. ಮೊದಮೊದಲು ಎಮ್ಮೆ ಕರು ಹಾಕುವುದಿದೆ ಅಂದ. ಎಮ್ಮೆ ಕರು ಹಾಕಿತು, ಕರು ಹುಲ್ಲು ತಿನ್ನಲು ಕಲಿಯಿತು. ಅವನು ಮಾತ್ರ ಒಳಗೆ ಬರಲಿಲ್ಲ. ಯಂಕವ್ವನೂ ಕರೆಯಲಿಲ್ಲ. ಹೇಗೆ ಕರೆದಾಳು? ಕರೆದರೆ ಅವನು ಬರುತ್ತಾನೆ, ಬಂದರೆ ನೋಯುತ್ತದೆ, ನೋಯುವಾಗ ಅವಳ ಕೈಗಳು ತಾವಾಗಿಯೇ ಅವನನ್ನು ದೂಡುತ್ತವೆ, ದೂಡಿದ ಮೇಲೆ ಕತ್ತಲಲ್ಲಿ ಅವನು ಉಸಿರು ಬಿಗಿಹಿಡಿದು ಮಲಗುವುದು ಅವಳಿಗೆ ಕೇಳಿಸುತ್ತದೆ. ಅದಕ್ಕಿಂತ ಎಮ್ಮೆಯೇ ವಾಸಿ ಎಂದು ಅವಳೂ ಸುಮ್ಮನಿದ್ದಳು.

ಹಾಗೆ ನೋಡಿದರೆ ಇದೆಲ್ಲ ಒಂದು ಗೇಣಿನ ಸುಳ್ಳಿನಿಂದ ಶುರುವಾದದ್ದು. ಹದಿನಾಲ್ಕು ತಿಂಗಳ ಹಿಂದೆ ಎರಡು ದಿನ ಹೆರಿಗೆಯ ಬ್ಯಾನೆ ತಿಂದು, ಸೂಲಗಿತ್ತಿ ದುರಗವ್ವ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತು ಸೋತು, ಕೊನೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಬಾಗಿಲ ಬಳಿ ಹಾಸಿಗೆ ಹಾಸಿ ಹುಬ್ಬಳ್ಳಿಗೆ ಒಯ್ದು, ಅಲ್ಲಿ ಹೊಟ್ಟೆ ಕೊಯ್ದು ಕೂಸು ಭರಮ್ಯಾನನ್ನು ತೆಗೆದಿದ್ದರು. ಯಲವಿಗಿಯಲ್ಲಿ ಅದೇ ಮೊದಲು. ತಿರುಗಿ ಬಂದಾಗ ಸ್ಟೇಷನ್ನಿಗೆ ಅರ್ಧ ಊರೇ ಬಂದಿತ್ತು, ಹೊಟ್ಟೆ ಕೊಯ್ಸಿಕೊಂಡವಳು ನಡೆಯುತ್ತಾಳೋ ಇಲ್ಲವೋ ನೋಡಲು. ನಡೆದಳು. ಜನಕ್ಕೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ದುರಗವ್ವನೊಬ್ಬಳು ಬರಲಿಲ್ಲ. ಮೂರು ದಿನ ಬಿಟ್ಟು ಬಂದು, ತೊಟ್ಟಿಲು ನೋಡಿ, ಕೂಸಿನ ಗಲ್ಲ ಹಿಡಿದು ಅಂದಳು: "ಬಾಗಲಾ ಇದ್ದ ಮನೀಗೆ ಕನ್ನಾ ಹಾಕಿ ಬಂದೀಯಲ್ಲೋ ಮಗನ. ನಿನ್ನ ಮ್ಯಾಲ ಒಂದ ಕಣ್ಣ ಇಡಬೇಕಪಾ ಪೊಲೀಸರು."

ಆ ಮೇಲೆ ಹೆಂಗಸರು ಬಂದರು. ಮಧ್ಯಾಹ್ನದ ರೈಲು ಹೋದ ಮೇಲೆ, ರೊಟ್ಟಿ ಬಡಿದು ಮುಗಿದ ಮೇಲೆ, ಇಬ್ಬರು ಮೂವರಾಗಿ ಬಂದರು. ಚೌಡವ್ವ ಎಲ್ಲರಿಗೂ ಕಂಬಳಿ ಹಾಸಿ, ಎಲೆ ಅಡಿಕೆ ಕೊಟ್ಟು, "ತೋರಸ ಯಂಕಿ" ಅನ್ನುತ್ತಿದ್ದಳು, ಮದುವೆಯಲ್ಲಿ ಬಂದ ಹಿತ್ತಾಳೆ ಪಾತ್ರೆಗಳನ್ನು ತೋರಿಸುವ ದನಿಯಲ್ಲಿ. ಯಂಕವ್ವ ಗೋಡೆಯ ಕಡೆ ಮುಖ ತಿರುಗಿಸಿ ಸೀರೆ ಸರಿಸುತ್ತಿದ್ದಳು. ಹೆಂಗಸರು ಬಗ್ಗಿ ನೋಡಿ ಹೊಲಿಗೆ ಎಣಿಸುತ್ತಿದ್ದರು. ಒಬ್ಬಳು ಹದಿಮೂರು ಅಂದರೆ ಇನ್ನೊಬ್ಬಳು ಹದಿನಾಲ್ಕು ಅಂದು ಜಗಳವಾಗಿ ಮತ್ತೆ ಎಣಿಸಿದ್ದೂ ಉಂಟು. ಗಾಯ ಮಾಗಿತು. ಮಾಗಿದ ಮೇಲೂ ಒಳಗೆ ಏನೋ ಒಂದು ಹಿಡಿದು ಜಗ್ಗುತ್ತಲೇ ಇತ್ತು, ಯಾರೋ ಒಳಗೆ ಕೂತು ದಾರದ ತುದಿ ಎಳೆದಂತೆ. "ಎಲ್ಲಿ ನೋಯ್ತದವಾ?" ಎಂದು ಕೇಳಿದಾಗ ಅಷ್ಟು ಜನರ ಕಣ್ಣೆದುರು ಅವಳ ಕೈ ನಿಜವಾದ ಜಾಗಕ್ಕೆ ಇಳಿಯಲಿಲ್ಲ. ಹೊಕ್ಕಳಕ್ಕೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಒಂದು ಗೇಣು ಕೆಳಗೆ ಅಂತ ಬಾಯಿಬಿಟ್ಟು ಹೇಳಲು ಅವಳಿಗೆ ಮಾತೇ ಇರಲಿಲ್ಲ. ಆ ಜಾಗಕ್ಕೆ ಅವಳಿಗೆ ಗೊತ್ತಿದ್ದ ಹೆಸರುಗಳು ಗಂಡಸರು ಬೈಗುಳಕ್ಕೆ ಬಳಸುವ ಹೆಸರುಗಳು. ಅವನ್ನು ಹೇಳಿ ಔಷಧ ಕೇಳುವುದು ಹೇಗೆ?

ಹೀಗಾಗಿ ಊರಿನ ಔಷಧಗಳೆಲ್ಲ ಒಂದು ಗೇಣು ಮೇಲೆ ಬಿದ್ದವು. ಓಂಕಾಳು, ಇಂಗು, ಸುಟ್ಟ ಬೆಳ್ಳುಳ್ಳಿ. ಹೊಕ್ಕಳು ಸರಿದಿದೆಯೆಂದು ದುರಗವ್ವ ಒಂದು ದಿನ ಹೊಟ್ಟೆಯ ಮೇಲೆ ಹಣತೆ ಹಚ್ಚಿಟ್ಟು ಅದರ ಮೇಲೆ ತಂಬಿಗೆ ಬೋರಲು ಹಾಕಿದಳು. ತಂಬಿಗೆ ಹೊಟ್ಟೆಯನ್ನು ಕಚ್ಚಿ ಹಿಡಿಯಿತು, ಬಿಡಲೇ ಇಲ್ಲ. ಇಬ್ಬರು ಹಿಡಿದು ಎಳೆದರೂ ಬರಲಿಲ್ಲ. ಸಂಜೆ ದ್ಯಾಮಪ್ಪ ಹೊಲದಿಂದ ಬಂದಾಗ ಹೆಂಡತಿ ಹೊಟ್ಟೆಯ ಮೇಲೆ ತಂಬಿಗೆ ನಿಲ್ಲಿಸಿಕೊಂಡು ಅಂಗಾತ ಮಲಗಿದ್ದಳು. ಅವನು ಬಹಳ ಹೊತ್ತು ನೋಡಿ, "ನೀರ ಕುಡಿಯಾಕ ಮತ್ತೊಂದ ತಂಬಿಗಿ ಐತೇನ?" ಎಂದು ಕೇಳಿದ್ದ. ಅದು ಚೇಷ್ಟೆಯೋ ಸಿಟ್ಟೋ ಅವಳಿಗೆ ಈವರೆಗೂ ತಿಳಿದಿರಲಿಲ್ಲ.

ಕತ್ತರಿಯ ಮಾತು ತಂದವಳು ಪಕ್ಕದ ಮನೆಯ ತಿಪ್ಪವ್ವ. ಹುಬ್ಬಳ್ಳಿಯಲ್ಲಿ ಯಾರದೋ ಹೊಟ್ಟೆಯಲ್ಲಿ ಕತ್ತರಿ ಬಿಟ್ಟು ಹೊಲಿದಿದ್ದರಂತೆ ಎಂದು ಅವಳ ತಮ್ಮನ ಷಡ್ಡಕ ಹೇಳಿದ್ದನಂತೆ. ತಿಪ್ಪವ್ವನಿಗೆ ಕೇಳುವುದು ಒಂದೇ ಕಿವಿ. ಆ ಕಿವಿಯನ್ನು ಯಂಕವ್ವನ ಹೊಟ್ಟೆಗೆ ಹಚ್ಚಿ, ಕಣ್ಣು ಮುಚ್ಚಿ, ಎಲ್ಲರಿಗೂ ಸುಮ್ಮನಿರಲು ಕೈಮಾಡಿ, ಕೊನೆಗೆ ಅಂದಳು: "ಟಿಕ್ ಟಿಕ್ ಅನ್ನಾಕತ್ತೈತಿ. ಕತ್ತರಿ ಅಲ್ಲವಾ ಇದು. ಡಾಕ್ಟರ ತನ್ನ ಗಡಿಯಾರನ ಬಿಟ್ಟಾನ." ಕತ್ತರಿಯೋ ಗಡಿಯಾರವೋ ಎಂದು ಊರು ಎರಡು ಪಂಗಡವಾಯಿತು.

ಅದನ್ನು ತೀರ್ಮಾನ ಮಾಡಲೆಂದೇ ಮೊನ್ನೆ ದ್ಯಾಮಪ್ಪ ಹಿಟ್ಟಿನ ಗಿರಣಿಯ ಮಹಾಲಿಂಗಪ್ಪನಿಂದ ಸೂಜಿಗಲ್ಲು ತಂದದ್ದು. ಜೋಳದಲ್ಲಿ ಮೊಳೆ ಗಿಳೆ ಇದ್ದರೆ ಹಿಡಿಯಲು ಮಹಾಲಿಂಗಪ್ಪ ಇಟ್ಟುಕೊಂಡಿದ್ದ ಸೂಜಿಗಲ್ಲು ಅದು, ಅಂಗೈಯಷ್ಟು ಅಗಲ, ಒಡೆದ ಯಾವುದೋ ಧ್ವನಿವರ್ಧಕದ ಭೋಂಗಾದಿಂದ ಬಿಚ್ಚಿದ್ದು. ಅದನ್ನು ನೋಡಿದ ಕೂಡಲೇ ಯಂಕವ್ವನ ಕೈ ಸೊಂಟಕ್ಕೆ ಹೋಯಿತು. ಕೀಲಿಕೈ ಹೊಟ್ಟೆಯ ಕಟ್ಟಿನಲ್ಲೇ ಇತ್ತು. ಅದು ಅತ್ತೆಯ ಸಂದೂಕದ ಕೀಲಿಕೈ. ಸಂದೂಕದೊಳಗೆ ಬೆಲ್ಲ, ಕೊಬ್ಬರಿ. ಬೆಲ್ಲ ತಿಂದರೆ ಹೊಲಿಗೆಗೆ ಇರುವೆ ಮುತ್ತುತ್ತವೆ ಎಂದು ದುರಗವ್ವ ಅಪ್ಪಣೆ ಮಾಡಿದ ಮೇಲೆ ಹದಿನಾಲ್ಕು ತಿಂಗಳು ಯಂಕವ್ವನಿಗೆ ಸಿಹಿ ಇರಲಿಲ್ಲ. ಕೂಸಿಗೆ ಹಾಲು ಕೊಡುವ ಹೊಟ್ಟೆ, ಮಧ್ಯಾಹ್ನದ ಹೊತ್ತಿಗೆ ಬೆಲ್ಲ ಬೆಲ್ಲ ಎಂದು ಕೂಗುತ್ತಿತ್ತು. ಒಂದು ದಿನ ಕೀಲಿಕೈ ಒಲೆಯ ಬಳಿ ಬಿದ್ದದ್ದು ಕಂಡಿತು, ಎತ್ತಿಕೊಂಡಳು. ಕೇಳಿದರೆ ಕೊಡಬೇಕೆಂದೇ ಇದ್ದಳು. ಅತ್ತೆ ಕೇಳಲೇ ಇಲ್ಲ. ಇಲಿ ಒಯ್ದಿದೆ ಎಂದು ತಾನೇ ನಿರ್ಧರಿಸಿ, ಅಡಿಗೆಮನೆಯ ಗೋಡೆಯ ಬುಡ ಅಗೆಸಿದಳು. ಇಲಿಗೆ ಕೊಡುವ ಬೈಗುಳ ಕೇಳಿಸಿಕೊಳ್ಳುತ್ತ ಯಂಕವ್ವ ಪಕ್ಕದಲ್ಲಿ ನಿಂತು ದೀಪ ಹಿಡಿದಳು, ಬಾಯಲ್ಲಿ ಬೆಲ್ಲದ ಚೂರು ಕರಗುತ್ತಿತ್ತು. ಅಂಥ ಪಾಪದ ರುಚಿ ಬೇರೆ ಯಾವುದಕ್ಕೂ ಇರಲಿಲ್ಲ.

ಸೂಜಿಗಲ್ಲು ಸೀರೆಯ ಮೇಲಿಂದ ಸರಿದು ಬಂದು ಟಕ್ಕನೆ ಹಿಡಿಯಿತು. ದ್ಯಾಮಪ್ಪ ಕೈಬಿಟ್ಟ. ಸೂಜಿಗಲ್ಲು ಬೀಳಲಿಲ್ಲ, ಹೊಟ್ಟೆಗೆ ಅಂಟಿಕೊಂಡು ನಿಂತಿತು. ತಿಪ್ಪವ್ವ ಕೈಮುಗಿದಳು. ಆಗಲೇ ಹೇಳಬಹುದಿತ್ತು. ಬಾಯಿ ತೆರೆದದ್ದೂ ನಿಜ. ಆದರೆ ಅಷ್ಟರಲ್ಲಿ ಚೌಡವ್ವ ಅಳಲು ಶುರುಮಾಡಿದ್ದಳು, ಖರೆಖರೆ ಅಳು, "ನನ್ನ ಸೊಸಿ ಹೊಟ್ಟ್ಯಾಗ ಕಬ್ಬಣಾ ಬಿಟ್ಟಾರ್ರೆವಾ" ಎಂದು. ಸೊಸೆಗಾಗಿ ಅತ್ತೆ ಅತ್ತದ್ದು ಮದುವೆಯಾದ ಮೇಲೆ ಅದೇ ಮೊದಲು. ಆ ಅಳುವನ್ನು ನಡುವೆಯೇ ನಿಲ್ಲಿಸಿ ಇದು ನಿಮ್ಮ ಬೆಲ್ಲದ ಕೀಲಿಕೈ ಅನ್ನುವುದು ಹೇಗೆ? ಕಬ್ಬಿಣ ಸರಿಯಬಾರದೆಂದು ಚೌಡವ್ವ ಅಲ್ಲೇ ತನ್ನ ಹಳೆಯ ಇಳಕಲ್ ತಂದು ಬಿಗಿದಳು. ಎರಡು ದಿನ ಸ್ನಾನವಿಲ್ಲ, ಬಿಚ್ಚುವಂತಿಲ್ಲ, ಮಲಗುವುದೂ ಅತ್ತೆಯ ಪಕ್ಕದಲ್ಲಿ. ಇವತ್ತು ಗುರುವಾರ. ಧಾರವಾಡದ ಡಾಕ್ಟರ್‌ಬಾಯಿ ಸವಣೂರಿಗೆ ಬರುವ ದಿನ. ಭರಮ್ಯಾನನ್ನು ತಿಪ್ಪವ್ವನ ಬಳಿ ಬಿಟ್ಟು ಹೊರಟಿದ್ದರು.

"ಡಾಕ್ಟರಬಾಯಿ ಏನ ಕೇಳಿದ್ರೂ ನಾ ಹೇಳ್ತೇನಿ. ನೀ ಸುಮ್ಮ ಕುಂದರು," ಅಂದಳು ಚೌಡವ್ವ. "ನಿನಗ ಹೇಳಾಕ ಬರೂದಿಲ್ಲ."

"ಹೂಂ ಅತ್ತಿ."

"ಮತ್ತ ಕೊಯ್ತೇನಿ ಅಂದ್ರ ಅಂಜಬ್ಯಾಡ. ಒಮ್ಮೆ ಕೊಯ್ದದ್ದು ಎರಡನೇ ಸಲ ಸರಳ ಆಗತೈತಿ. ಹಳೇ ಹೊಲಿಗಿನ ಬಿಚ್ಚೂದು. ಚೀಲಾ ಬಿಚ್ಚಿದಂಗ." ಆಮೇಲೆ ಸೇರಿಸಿದಳು: "ಅಲ್ಲೀತನಕ ಮನೀಗೆ ಒಂದ ಕೈ ಬೇಕಲ್ಲ. ಹಿರೇಬೆಂಡಿಗೇರಿಂದ ನನ್ನ ತಂಗಿ ಮಗಳನ್ನ ಕರಸ್ತೇನಿ. ಕೆಲಸಕ್ಕ ಚುರುಕದಾಳ, ನೋಡಾಕೂ ಚೊಲೋ ಅದಾಳ."

ನೋಡಲು ಚೊಲೋ ಇರುವುದು ರೊಟ್ಟಿ ಬಡಿಯಲು ಯಾಕೆ ಬೇಕು ಎಂದು ಯಂಕವ್ವ ಕೇಳಲಿಲ್ಲ. ಅವಳ ಕಣ್ಣು ಗಂಡನ ಬೆನ್ನಿನ ಮೇಲಿತ್ತು. ಬೆನ್ನು ಏನೂ ಹೇಳಲಿಲ್ಲ. ಗಾಲಿ ತಗ್ಗಿಗಿಳಿಯಿತು, ಅತ್ತೆಯ ಅಂಗೈ ಒತ್ತಿತು, ಕೀಲಿಕೈ ಚುಚ್ಚಿತು, ಮತ್ತು ಒಂದು ಗೇಣು ಕೆಳಗೆ ಯಾರೂ ಒತ್ತದ, ಯಾರೂ ಕೇಳದ ನೋವು ತನ್ನ ಪಾಡಿಗೆ ತಾನು ಎದ್ದು ಕೂತಿತು.

ದವಾಖಾನೆಯ ಫಲಕದ ಮೇಲೆ ಮೈಸೂರು ಸರಕಾರ ಎಂದು ಹೊಸದಾಗಿ ಬರೆದಿದ್ದರು. ಕೆಳಗಿಂದ ಹಳೆಯ ಮುಂಬಯಿ ಇನ್ನೂ ಇಣುಕುತ್ತಿತ್ತು. ಓದು ನಾಲ್ಕನೆಯ ಇಯತ್ತೆಗೇ ಬಿಟ್ಟಿದ್ದರೂ ಯಂಕವ್ವ ಎರಡನ್ನೂ ಓದಿದಳು. ಮುಚ್ಚಿದ್ದು ಪೂರ್ತಿ ಮುಚ್ಚುವುದಿಲ್ಲವಲ್ಲ ಎಂದು ಹೆದರಿಕೆಯಾಯಿತು. ಪಡಸಾಲೆಯಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಗೋಡೆಗೆ ಆತು ಕೂತಿದ್ದರು. ಬಾಗಿಲ ಬಳಿ ಮೇಜು ಹಾಕಿಕೊಂಡು ಕಂಪೌಂಡರ್ ಶೇಖಸಾಬ ಚೀಟಿ ಬರೆಯುತ್ತಿದ್ದ. ಗಡ್ಡ ಬಿಳಿಯಾಗಿತ್ತು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿತ್ತು.

"ಏನ ತಕರಾರು?" ಎಂದು ಕೇಳಿದ.

"ಹೊಟ್ಟ್ಯಾಗ ಕಬ್ಬಣ," ಅಂದಳು ಚೌಡವ್ವ.

ಶೇಖಸಾಬನ ಪೆನ್ನು ನಿಂತಿತು. "ಕಬ್ಬಣದ ಟಾನಿಕ್ಕ ಬೇಕೇನು? ಮೈಯಾಗ ರಕ್ತ ಕಮ್ಮಿ ಐತೇನು?"

"ಕಮ್ಮಿ ಅಲ್ಲೋ ಯಪ್ಪಾ. ಜಾಸ್ತಿ ಆಗೇತಿ. ಕತ್ತರಿ ಐತಿ ಒಳಗ."

ಗೋಡೆಯ ಬಳಿ ಕೂತ ಹೆಂಗಸರು ಮೊದಲು ಒಂದಿಷ್ಟು ಹಿಂದೆ ಸರಿದರು, ಆಮೇಲೆ ಎಲ್ಲರೂ ಒಟ್ಟಿಗೆ ಮುಂದೆ ಸರಿದರು. "ನಿನಗ ಕೂತರ ಚುಚ್ಚೂದಿಲ್ಲೇನವಾ?" ಎಂದು ಒಬ್ಬಳು ಕೇಳಿದಳು. "ಎಷ್ಟ ತೂಕ ಇದ್ದೀತು?" ಎಂದು ಇನ್ನೊಬ್ಬಳು. ಚೌಡವ್ವ ಕಾಲು ಚಾಚಿ ಕೂತು ಸೂಜಿಗಲ್ಲಿನ ಕಥೆ ಮೊದಲಿಂದ ಹೇಳಿದಳು. ಮನೆಯಲ್ಲಿ ಟಕ್ಕನೆ ಹಿಡಿದಿದ್ದ ಸೂಜಿಗಲ್ಲು ಇಲ್ಲಿ ಅವಳ ಮಾತಿನಲ್ಲಿ ದ್ಯಾಮಪ್ಪನ ಕೈಯಿಂದ ತಾನಾಗಿ ಹಾರಿಹೋಯಿತು. ಯಂಕವ್ವ ನೆಲ ನೋಡುತ್ತಿದ್ದಳು. ದನದ ಸಂತೆಯಲ್ಲಿ ನಿಂತ ಆಕಳಿಗೂ ಹೀಗೇ ಅನ್ನಿಸುತ್ತಿರಬೇಕು, ಆದರೆ ಆಕಳು ಕೀಲಿಕೈ ಕದ್ದಿರುವುದಿಲ್ಲ.

ಡಾಕ್ಟರ್‌ಬಾಯಿ ಅವಳಂದುಕೊಂಡಷ್ಟು ದೊಡ್ಡವಳಾಗಿರಲಿಲ್ಲ. ತೆಳ್ಳಗೆ, ಬಿಳಿ ಸೀರೆ, ಮೂಗಿನ ಮೇಲೆ ಬೆವರು. ಗಂಡಸರು ಹೊರಗಿರಬೇಕೆಂದು ದ್ಯಾಮಪ್ಪ ಬೇವಿನ ಗಿಡದ ಕೆಳಗೆ ಎತ್ತುಗಳ ಜೊತೆ ಉಳಿದ.

"ಏನಾಗೇತಿ ತಂಗಿ?" ಎಂದು ಡಾಕ್ಟರ್‌ಬಾಯಿ ಯಂಕವ್ವನನ್ನು ಕೇಳಿದಳು.

"ನಮಗ ಹೊಟ್ಟ್ಯಾಗ ಕಬ್ಬಣ ಐತ್ರಿ," ಅಂದಳು ಚೌಡವ್ವ.

"ನಮಗ ಅಂದ್ರ ಯಾರಿಗೆ?"

"ಇಕಿಗ್ರಿ. ಆದ್ರ ನೋಡಿಕೊಳ್ಳಾಕಿ ನಾನ್ರಿ."

ಕಥೆಯೆಲ್ಲ ಕೇಳಿ ಡಾಕ್ಟರ್‌ಬಾಯಿ ನಗುತ್ತಾಳೆ ಎಂದುಕೊಂಡಿದ್ದಳು ಯಂಕವ್ವ. ನಗಲಿಲ್ಲ. ಕನ್ನಡಕ ತೆಗೆದು ಒರೆಸಿ, "ಹಂಗ ಆಗೂದ ಇಲ್ಲ ಅಂತ ನಾ ಹೇಳೂದಿಲ್ಲ," ಅಂದಳು. "ಮೊದಲ ಹುಬ್ಬಳ್ಳಿಗೆ ಹೋಗಿ ಹೊಟ್ಟೀದು ಎಕ್ಸ್‌ರೇ ಫೋಟೋ ತಗಸಬೇಕು. ಒಳಗ ಏನರ ಇದ್ರ ಮತ್ತ ತೆಗೀಬೇಕಾಗತೈತಿ." ಡ್ರಾವರಿನಿಂದ ಒಂದು ಕಾಗದ ತೆಗೆದಳು. ಪೆನ್ನಿನ ಮುಚ್ಚಳ ತಿರುಗಿಸಿದಳು. "ಅದಕ್ಕಿಂತ ಮೊದಲ ನಾ ಒಮ್ಮೆ ಮುಟ್ಟಿ ನೋಡ್ತೇನಿ. ಈ ಕಟ್ಟ ಬಿಚ್ಚು."

"ಬಿಚ್ಚಬ್ಯಾಡ್ರೀ!" ಚೌಡವ್ವ ಸೊಸೆಯನ್ನು ಎರಡೂ ತೋಳಿನಿಂದ ತಬ್ಬಿಕೊಂಡಳು. "ಬಿಚ್ಚಿದ್ರ ಕತ್ತರಿ ಸರೀತೈತ್ರಿ. ಎದೀಗೆ ಬಂತಂದ್ರ ಏನ ಮಾಡ್ಲಿ? ನೀವು ಹಂಗ ಬರದ ಕೊಡ್ರಿ. ಹುಬ್ಬಳ್ಳ್ಯಾಗ ಕೊಯ್ಸೇ ಬಿಡ್ತೇವಿ."

ಕಾಗದದ ಮೇಲೆ ಪೆನ್ನು ಇಳಿಯಿತು. ಡಾಕ್ಟರ್‌ಬಾಯಿ ಮೊದಲು ಹುಬ್ಬಳ್ಳಿ ಎಂದು ಬರೆದಳು, ದುಂಡಗೆ. ಯಂಕವ್ವನಿಗೆ ಹುಬ್ಬಳ್ಳಿಯ ಆ ಬಿಳಿಯ ದೀಪ ಕಾಣಿಸಿತು, ಮೂಗಿನ ಮೇಲೆ ಇಟ್ಟ ಅರಿವೆಯ ಸಿಹಿಸಿಹಿ ವಾಸನೆ ಬಂತು, ಮೂರು ದಿನ ಕೂಸನ್ನು ಎತ್ತಿಕೊಳ್ಳಲಾರದೆ ಬರಿಯ ಅಳು ಕೇಳುತ್ತ ಮಲಗಿದ್ದು ನೆನಪಾಯಿತು. ಒಂದು ಹಿಡಿ ಬೆಲ್ಲಕ್ಕೆ ಮತ್ತೆ ಅಷ್ಟೆಲ್ಲ. ಕತ್ತರಿ ಸಿಗದಿದ್ದರೆ ಅವರು ಹುಡುಕುತ್ತಲೇ ಇರುತ್ತಾರೋ ಏನೋ, ಜೋಳದ ಹಗೇವಿನ ಗುಂಡಿಯಲ್ಲಿ ಬಿದ್ದ ಕೈಯ ತೋಡೆ ಹುಡುಕಿದಂತೆ, ಬದಿಗೆ ಬದಿಗೆ ಸರಿಸಿ.

"ಅದು ಕೀಲಿಕೈ ಐತ್ರಿ," ಎಂದು ಯಾರೋ ಅಂದರು. ಅಂದವಳು ತಾನೇ ಎಂದು ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು.

ಪೆನ್ನು ನಿಂತಿತು. "ಎಂಥಾ ಕೀಲಿಕೈ?"

"ಅತ್ತೀದು. ಕಟ್ಟಿನ್ಯಾಗ ಐತ್ರಿ. ಹೊಟ್ಟ್ಯಾಗಲ್ರಿ."

ಒಂಬತ್ತು ಗಜದ ಇಳಕಲ್ಲನ್ನು ಬಿಚ್ಚುವುದು ಸಣ್ಣ ಕೆಲಸವಾಗಿರಲಿಲ್ಲ. ಡಾಕ್ಟರ್‌ಬಾಯಿ ಸೆರಗು ಹಿಡಿದು ನಿಂತಳು, ಯಂಕವ್ವ ಸುತ್ತತೊಡಗಿದಳು, ಬುಗುರಿಯಂತೆ. ಮೇಜು, ಗೋಡೆಯ ಮೇಲಿನ ಕೂಸಿನ ಚಿತ್ರ, ತೆರೆದ ಬಾಯಿಯ ಅತ್ತೆ, ಮತ್ತೆ ಮೇಜು, ಕೂಸು, ಅತ್ತೆ. ಏಳನೆಯ ಸುತ್ತಿಗೆ ಕೀಲಿಕೈ ನೆಲಕ್ಕೆ ಬಿದ್ದು ಟಣ್ಣೆಂದಿತು. ಹೊರಗೆ ಪಡಸಾಲೆಯಲ್ಲಿ ಯಾರೋ "ಬಿತ್ತು, ಬಿತ್ತು" ಅಂದರು.

ಚೌಡವ್ವ ಬಗ್ಗಿ ಅದನ್ನೆತ್ತಿ ಹಿಂದೆ ಮುಂದೆ ನೋಡಿದಳು. "ಇಲಿ," ಎಂದು ಶುರುಮಾಡಿ ನಿಲ್ಲಿಸಿದಳು. ಅಗೆಸಿದ ಗೋಡೆ ಅವಳಿಗೆ ನೆನಪಾಗಿರಬೇಕು, ಮುಖ ನಿಧಾನವಾಗಿ ಕೆಂಪಾಯಿತು. "ಬೆಲ್ಲಾ ತಿಂದೀ?"

"ಹೂಂ ಅತ್ತಿ."

"ಕೊಬ್ಬರಿ?"

"ಅದೂ ಒಂದೊಂದ ತುಣುಕ."

"ಹಂಗಾರ ನೋವೂ ಸುಳ್ಳು!" ಚೌಡವ್ವನ ದನಿ ಮೇಲೇರಿತು. "ಕೇಳ್ರಿ ಬಾಯಾರ. ಒಂದ ವರ್ಷದಿಂದ ಇಕಿ ನೀರಿನ ಕೊಡಾ ಎತ್ತಿಲ್ಲ. ನೋವಂತ. ಬೀಸೂದಿಲ್ಲ, ಬಗ್ಗೂದಿಲ್ಲ, ನೋವಂತ. ನನ್ನ ಮಗಾ ದನದ ಕೊಟಗ್ಯಾಗ ಬಿದ್ದಾನ. ಎಲ್ಲಾ ಬೆಲ್ಲದ ನಾಟಕ! ನಾಳಿನ ಹಂಸಭಾವಿಗೆ ಕಳಸ್ತೇನಿ ಇಕೀನ್ನ, ಅವ್ವನ ಮನ್ಯಾಗ ತಿನ್ನಲಿ ಬೆಲ್ಲ, ಪೆಂಟಿಗಟ್ಟಲೆ!"

ಇದನ್ನು ಯಂಕವ್ವ ಯೋಚಿಸಿಯೇ ಇರಲಿಲ್ಲ. ಕೀಲಿಕೈ ಬಿದ್ದುಹೋದರೆ ಕೊಯ್ಯುವುದು ತಪ್ಪುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದಳು. ಕೀಲಿಕೈಯ ಹಿಂದೆಯೇ ನೋವೂ ನೆಲಕ್ಕೆ ಬಿದ್ದು ಸುಳ್ಳಾಗಿಬಿಡುತ್ತದೆ ಎಂದು ಹೊಳೆದಿರಲಿಲ್ಲ. ಕಬ್ಬಿಣವಿದ್ದಾಗ ಊರೆಲ್ಲ ನಂಬಿತ್ತು. ಈಗ ಬರಿಯ ಅವಳೊಬ್ಬಳೇ ಉಳಿದಳು, ಕಳ್ಳಿ, ಅವಳ ಮಾತಿಗೆ ಸಾಕ್ಷಿಗೆ ಒಂದು ಮೊಳೆಯೂ ಇಲ್ಲ.

ಡಾಕ್ಟರ್‌ಬಾಯಿ ಕೈ ಎತ್ತಿ ಚೌಡವ್ವನನ್ನು ಸುಮ್ಮನಾಗಿಸಿದಳು. "ಮಲಗು ತಂಗಿ. ನೋವು ಖರೇನ ಐತೇನು?"

"ಐತ್ರಿ."

"ಎಲ್ಲಿ? ಕೈ ಇಟ್ಟ ತೋರಸು."

ಕೈ ಹೊರಟಿತು. ಹದಿನಾಲ್ಕು ತಿಂಗಳ ರೂಢಿಯಲ್ಲಿ ಹೊಕ್ಕಳಕ್ಕೆ ಬಂದು ನಿಂತಿತು. ಡಾಕ್ಟರ್‌ಬಾಯಿ ಅಲ್ಲಿ ಒತ್ತಿದಳು, ಸುತ್ತ ಒತ್ತಿದಳು. ಯಂಕವ್ವನ ಮುಖ ನೋಡಿದಳು. "ಇಲ್ಲಿ ಏನೂ ಕಾಣವಲ್ದಲ್ಲ."

"ನಾ ಹೇಳಲಿಲ್ಲೇನ್ರಿ?" ಅಂದಳು ಚೌಡವ್ವ.

ಡಾಕ್ಟರ್‌ಬಾಯಿ ಕೈ ಹಿಂದಕ್ಕೆ ತೆಗೆದುಕೊಂಡು ಒರೆಸಿಕೊಳ್ಳಲು ವಸ್ತ್ರಕ್ಕೆ ಕೈ ಚಾಚಿದಳು. ಹೊರಗೆ ಶೇಖಸಾಬ ಮುಂದಿನವಳ ಹೆಸರು ಕೂಗಿದ. ಇನ್ನು ಎದ್ದು ಸೀರೆ ಸರಿಮಾಡಿಕೊಂಡು ಹೊರಡುವುದೇ. ಚಕ್ಕಡಿ, ಬೆನ್ನು, ಹಂಸಭಾವಿ. ತೌರಿನಲ್ಲೂ ಎಲ್ಲಿ ನೋಯುತ್ತದೆ ಎಂದು ಕೇಳುತ್ತಾರೆ, ಅಲ್ಲೂ ಕೈ ಇಲ್ಲಿಗೇ ಬಂದು ನಿಲ್ಲುತ್ತದೆ.

"ಅಲ್ಲಲ್ರೀ! ಒಂದ ಗೇಣ ಕೆಳಗ್ರಿ!"

ಅಷ್ಟು ದೊಡ್ಡ ದನಿ ತನಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಪಡಸಾಲೆಗೆ ಕೇಳಿತು, ಬೇವಿನ ಗಿಡಕ್ಕೂ ಕೇಳಿರಬೇಕು, ಏಕೆಂದರೆ ಒಂದು ಎತ್ತು ಕೊರಳು ಕೊಡವಿದ ಗೆಜ್ಜೆಯ ಸದ್ದು ಬಂತು. ಶೇಖಸಾಬ ಕೆಮ್ಮಿದ. ಒಮ್ಮೆ ತೆರೆದ ಮೇಲೆ ಬಾಯಿ ಮುಚ್ಚಲಿಲ್ಲ. "ಎಲ್ಲಾರೂ ಮ್ಯಾಲ ನೋಡ್ಯಾರ್ರಿ. ತಂಬಿಗೀನೂ ಮ್ಯಾಲ ಹಚ್ಯಾರ್ರಿ. ನೋಯೂದು ಕೆಳಗ್ರಿ, ಹೊಲಿಗಿ ಬಾಜೂಕ, ಅದರಕಿಂತಾನೂ ಒಳಗ. ಕೊಡಾ ಎತ್ತಿದ್ರ ಜಗ್ಗತೈತ್ರಿ. ಒಂದಕ್ಕ ತಡಕೊಂಡ್ರ ಉರೀತೈತ್ರಿ. ಹೊರಗಾದಾಗ ಸಾಯೋ ಹಂಗ ಆಗತೈತ್ರಿ. ಮತ್ತ, ಮತ್ತ ಅವರು ಬಂದಾಗ. ಹತ್ತಿರ ಬಂದಾಗ್ರಿ. ನಾ ಬ್ಯಾಡ ಅನ್ನೂದಿಲ್ರಿ. ನೋವು ಬ್ಯಾಡಂತೈತ್ರಿ."

ಡಾಕ್ಟರ್‌ಬಾಯಿ ವಸ್ತ್ರ ಅಲ್ಲೇ ಬಿಟ್ಟು ತಿರುಗಿ ಬಂದಳು. ಪರದೆ ಎಳೆದಳು. ಈ ಸಲ ಕೈ ಕೆಳಗಿಂದ ಶುರುಮಾಡಿತು, ಬೆರಳೊಂದೇ, ಹೊಲಿಗೆಯ ಗುಂಟ, ಮೆಲ್ಲಗೆ, ಅಂಚು ಹೊಲಿಯುವವರು ಎಳೆ ಹುಡುಕುವಂತೆ. ಬಲಗಡೆಯ ತುದಿಗೆ ಬಂದು ನಿಂತಿತು. "ಇಲ್ಲೆ?"

ಯಂಕವ್ವ ಜಿಗಿದುಬಿದ್ದಳು. ಕಣ್ಣಲ್ಲಿ ನೀರು ಬಂತು. ನೋವಿಗೆ ಬಂದದ್ದೋ, ನೋವು ಸಿಕ್ಕಿದ್ದಕ್ಕೆ ಬಂದದ್ದೋ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಇನ್ನೊಬ್ಬರ ಬೆರಳು ಅದರ ಮನೆಯ ಬಾಗಿಲು ತಟ್ಟಿತ್ತು. ಅದು ಒಳಗಿಂದ ಓ ಅಂದಿತ್ತು. "ಅಲ್ಲೇರಿ, ಅಲ್ಲೇರಿ," ಎಂದು ಅವಳು ಅಳುತ್ತ, ಸಂತೋಷದಿಂದ, ಹಬ್ಬಕ್ಕೆ ತೌರಿನವರು ಬಂದಂತೆ ಹೇಳಿದಳು.

ಆಮೇಲೆ ಡಾಕ್ಟರ್‌ಬಾಯಿ ಚೌಡವ್ವನನ್ನೂ ಪರದೆಯ ಒಳಗೆ ಕರೆದು ಕೂರಿಸಿಕೊಂಡು ಹೇಳಿದಳು. ಇದಕ್ಕೆ ಒಂದೇ ಕಾರಣ ಅಂತಿರುವುದಿಲ್ಲ. ಕೊಯ್ದ ಗಾಯ ಹೊರಗೆ ಮಾಗಿದರೂ ಒಳಗೆ ಮಾಗುವಾಗ ಕರುಳಿಗೆ ಗರ್ಭಚೀಲ, ಗರ್ಭಚೀಲಕ್ಕೆ ಉಚ್ಚೆಯ ಚೀಲ, ಹೀಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎತ್ತಿದಾಗ ಬಗ್ಗಿದಾಗ ಜಗ್ಗುತ್ತವೆ. ಒಂದೊಂದು ಸಲ ಹೊಲಿಗೆಯೊಳಗೆ ಸಣ್ಣ ನರ ಸಿಕ್ಕಿಕೊಳ್ಳುತ್ತದೆ. ಬಾಣಂತನದಲ್ಲಿ ಹತ್ತಿದ ನಂಜು ಪೂರ್ತಿ ಹೋಗದೆ ಉಳಿದಿದ್ದರೂ ಹೀಗಾಗುತ್ತದೆ. ನೋವಿಗೆ ಹೆದರಿ ಹೆದರಿ ಒಳಗಿನ ಮಾಂಸ ಮುಷ್ಟಿ ಕಟ್ಟಿದಂತೆ ಬಿಗಿದುಕೊಂಡರೆ ನೋವು ಇನ್ನೂ ಹೆಚ್ಚುತ್ತದೆ. "ಅದರ ಮ್ಯಾಲ ನೀವು ಈ ಸೀರಿ ಬಿಗಿದೀರಿ. ನನ್ನನ್ನ ಹಿಂಗ ಕಟ್ಟಿದ್ರ ನನಗೂ ನೋಯ್ತಿತ್ತು." ಗುಳಿಗೆ ಬರೆದಳು, ಹೊಲಿಗೆಗೆ ಎಣ್ಣೆ ಹಚ್ಚಿ ಬೆರಳಿನಿಂದ ತಿಕ್ಕುವುದನ್ನು ತೋರಿಸಿದಳು, ಬಿಸಿನೀರಿನಲ್ಲಿ ಕೂರಲು ಹೇಳಿದಳು, ಕೊಡ ಎತ್ತಬಾರದು, ಒಂದು ತಿಂಗಳಿಗೆ ಮತ್ತೆ ಬರಬೇಕು. ಒಮ್ಮೆಗೇ ಹೋಗುತ್ತದೆ ಎಂದು ಹೇಳಲಾರೆ, ಆದರೆ ಖರೆ ನೋವು ಇದು ಅಂದಳು.

ಚೌಡವ್ವ ಕೀಲಿಕೈಯನ್ನು ಅಂಗೈಯಲ್ಲಿ ಹಿಂದೆ ಮುಂದೆ ತಿರುಗಿಸಿದಳು. ಕೊನೆಗೆ, "ಮತ್ತ ಬೆಲ್ಲ?" ಎಂದು ಕೇಳಿದಳು.

"ತಿನ್ನಲಿ."

"ಇರಿವಿ ಹತ್ತೂದಿಲ್ಲೇನ್ರಿ?"

"ಬೆಲ್ಲಾ ಹೊಲಿಗೀಗೆ ಹಚಗೊಂಡ್ರ ಹತ್ತತಾವು. ಬಾಯಾಗ ಹಾಕ್ಕೊಂಡ್ರ ಹತ್ತೂದಿಲ್ಲ. ಇನ್ನ ಈಕಿ ಗಂಡನ್ನ ಒಳಗ ಕರೀರಿ."

ದ್ಯಾಮಪ್ಪ ಒಳಗೆ ಹೋದ. ಹೊರಬಂದಾಗ ಅವನ ಕಿವಿಗಳು ಮೆಣಸಿನಕಾಯಿಯಂತಿದ್ದವು. ಪಡಸಾಲೆಯ ಹೆಂಗಸರು ಸಾಲಾಗಿ ಅವನನ್ನು ನೋಡಿದರು. ಚೌಡವ್ವ ಅಷ್ಟರಲ್ಲಿ ಶೇಖಸಾಬನ ಮೇಜಿನ ಬಳಿ ಬಗ್ಗಿ ಪಿಸುಗುಡುತ್ತಿದ್ದಳು.

"ಯಪ್ಪಾ, ನಿನ್ನ ಕಡೆ ಒಂದ ಮುರುಕ ಕತ್ತರಿ ಇದ್ರ ಕೊಡಪಾ."

"ಯಾಕಬೇ?"

"ಊರಿಗೆ ಏನ ತೋರಸ್ಲಿ? ತಿಪ್ಪವ್ವಗ ಹೇಳಿ ಬಂದೇನಿ. ಇಲಿ ಒಯ್ದ ಕೀಲಿಕೈ ಅಂತ ತೋರಸ್ಲೇನು?"

ಶೇಖಸಾಬ ಕನ್ನಡಕ ಸರಿಮಾಡಿಕೊಂಡು, ಸರಕಾರದ ಸಾಮಾನು ಹಾಗೆ ಕೊಡಲು ಬರುವುದಿಲ್ಲ, ಮುರುಕಿಗೂ ಲೆಕ್ಕವಿದೆ ಎಂದು ಗಂಭೀರವಾಗಿ ಹೇಳಿದ.

ತಿರುಗಿ ಬರುವಾಗ ಚೌಡವ್ವ ಇಳಕಲ್ಲನ್ನು ಮಡಚಿ ತಲೆಗಿಟ್ಟುಕೊಂಡು, ಊರಿಗೆ ಹೇಳಬೇಕಾದ್ದನ್ನು ಗೊಣಗುತ್ತ, ಗೊಣಗುತ್ತ ನಿದ್ದೆಹೋದಳು. ಕಟ್ಟಿಲ್ಲದೆ ಯಂಕವ್ವನ ಹೊಟ್ಟೆ ಹಗುರಾಗಿತ್ತು. ಗಾಳಿ ತಗಲುತ್ತಿತ್ತು. ಅವಳು ಗಂಡನ ಬೆನ್ನನ್ನು ನೋಡುತ್ತ ಕೂತಳು. ದ್ಯಾಮಪ್ಪ ಎತ್ತುಗಳನ್ನು ಹೊಡೆಯುತ್ತಿರಲಿಲ್ಲ. ತಗ್ಗು ಬಂದಾಗಲೆಲ್ಲ ಕೆಳಗಿಳಿದು, ಗಾಲಿಗೆ ಹೆಗಲು ಕೊಟ್ಟು, ಮೆಲ್ಲಗೆ ಇಳಿಸಿ ಮತ್ತೆ ಹತ್ತುತ್ತಿದ್ದ. ಮೂರು ತಗ್ಗು ಆದ ಮೇಲೆ ಎತ್ತುಗಳಿಗೆ ಹೇಳುವಂತೆ ಹೇಳಿದ:

"ನೋವಂತ ಹೇಳಬಾರ್ದಿತ್ತೇನ?"

"ಏನಂತ ಹೇಳ್ಲಿ?"

"ಈಗ ಒದರಿದ್ಯಲ್ಲಾ, ಹಂಗ."

ಅವನು ಮತ್ತೆ ಹೇಳಿದ, ದನಿ ಇನ್ನೂ ಸಣ್ಣದು ಮಾಡಿ: "ನಾ ನಾರತೇನಂತ ತಿಳಕೊಂಡಿದ್ನಿ."

"ಏನು?"

"ಬೀಡಿ ವಾಸನಿ ಅಂತ ಮೊದಲ ಬೀಡಿ ಬಿಟ್ಟೆ. ಆದ್ರೂ ನೀ ದೂಡಿದಿ. ಉಳ್ಳಾಗಡ್ಡಿ ಇರಬೇಕಂತ ಉಳ್ಳಾಗಡ್ಡೀನೂ ಬಿಟ್ಟೆ. ಬರೇ ರೊಟ್ಟಿ ಝುಣಕಾ ತಿಂದೇನಿ ಒಂಬತ್ತ ತಿಂಗಳು, ಉಳ್ಳಾಗಡ್ಡಿ ಇಲ್ದ. ಆಮ್ಯಾಲ ನನ್ನ ಮೈನ ಹಂಗ ನಾರತದ ಅಂತ ತಿಳದು, ದನದ ಕೊಟಗ್ಯಾಗ ಆದ್ರ ಯಾರಿಗೂ ಗೊತ್ತಾಗೂದಿಲ್ಲ ಅಂತ..." ಅವನು ಮಾತು ಅಲ್ಲಿಗೇ ಬಿಟ್ಟು ಬಾರಕೋಲು ಎತ್ತಿ ಸುಮ್ಮನೆ ಗಾಳಿಗೆ ಬೀಸಿದ.

ಯಂಕವ್ವನಿಗೆ ಮೊದಲು ಏನೂ ಆಗಲಿಲ್ಲ. ಆಮೇಲೆ ಎಮ್ಮೆಯ ಮಗ್ಗುಲಲ್ಲಿ ಉಳ್ಳಾಗಡ್ಡಿಯಿಲ್ಲದ ಬಾಯಿಯಲ್ಲಿ, ತನ್ನ ಕಂಕುಳನ್ನು ತಾನೇ ಮೂಸುತ್ತ ಮಲಗಿದ ಗಂಡ ಕಣ್ಣಿಗೆ ಕಟ್ಟಿದ. ನಗು ಬಂತು. ಅತ್ತೆ ಏಳಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡಳು, ತಡೆದಷ್ಟೂ ನಗು ಹೆಚ್ಚಿತು, ಭುಜ ಕುಣಿಯಿತು, ಒಳಗೆ ದಾರ ಜಗ್ಗಿತು. "ಅಯ್ಯವ್ವಾ," ಅಂದಳು, ನಗುತ್ತಲೇ.

ದ್ಯಾಮಪ್ಪ ಹಗ್ಗ ಎಳೆದು ಚಕ್ಕಡಿ ನಿಲ್ಲಿಸಿದ. ಬೆನ್ನು ತಿರುಗಿತು. ಎಂಟು ತಿಂಗಳ ಮೇಲೆ ಹಗಲು ಬೆಳಕಿನಲ್ಲಿ ಅವನ ಮುಖ ಪೂರ್ತಿ ಅವಳ ಕಡೆಗಿತ್ತು, ಗಾಬರಿಯ ಮುಖ, ಮೂಗಿನ ಮೇಲೆ ದೂಳು.

"ನೋಯಾಕತ್ತೈತೇನು? ಎಲ್ಲಿ?"

ಹಾದಿಯಲ್ಲಿ ಮೇವಿನ ಹೊರೆ ಹೊತ್ತ ಇಬ್ಬರು ಬರುತ್ತಿದ್ದರು. ಯಂಕವ್ವ ಅವರನ್ನು ನೋಡಿದಳು, ಗಂಡನನ್ನು ನೋಡಿದಳು, ಅವನ ಕೈ ಹಿಡಿದು ಎಳೆದು, ತಾನೇ ತಂದು, ಸರಿಯಾದ ಜಾಗದ ಮೇಲೆ ಇಟ್ಟಳು.